ನೇಮ, ಕಂಬಳದ ಕ್ಯಾಮೆರಾಕ್ಕೆ ಬ್ಯಾಟರಿ ಗ್ರಿಪ್

ನಮ್ಮ ಕರಾವಳಿಯಲ್ಲಿ ಫೋಟೊ ತೆಗೆಯುವವರ ಎದುರು ಬಂದು ನಿಲ್ಲುವುದೆಲ್ಲ ಎತ್ತರದ್ದೇ. ನೇಮದಲ್ಲಿ, ಅಂದರೆ ದೈವದ ಕೋಲದಲ್ಲಿ, ದೈವದ ಬೆನ್ನಿಗೆ ಕಟ್ಟಿದ ಅಣಿ, ಯಕ್ಷಗಾನದ ಬಣ್ಣದ ವೇಷದ ಕಿರೀಟ, ಉಡುಪಿ ರಥಬೀದಿಯ ತೇರು, ಕಂಬಳದ ಕನೆಹಲಗೆ ಓಟದಲ್ಲಿ 6.5 ಕೋಲು, 7.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಚಿಮ್ಮುವ ಕೆಸರುನೀರು. ಅಡ್ಡ ಫ್ರೇಮಿನಲ್ಲಿ ಇವನ್ನು ಹಿಡಿದರೆ ಎರಡೂ ಬದಿಯಲ್ಲಿ ಬೇಡದ ಟ್ಯೂಬ್‌ಲೈಟು, ಬ್ಯಾನರು ತುಂಬಿಕೊಳ್ಳುತ್ತವೆ. ಹಾಗಾಗಿ ಇಲ್ಲಿ ಕ್ಯಾಮೆರಾ ಬಹಳ ಹೊತ್ತು ಉದ್ದಕ್ಕೇ ತಿರುಗಿರುತ್ತದೆ. ಕ್ಯಾಮೆರಾದ ತಳಕ್ಕೆ ತಿರುಪಿನಿಂದ ಸಿಕ್ಕಿಸುವ, ಬ್ಯಾಟರಿಯೂ ಕೂರುವ ಹಿಡಿಕೆಯೇ ಬ್ಯಾಟರಿ ಗ್ರಿಪ್. ಹೆಸರಿನಲ್ಲಿ ಬ್ಯಾಟರಿ ಇದೆಯೆಂದು ಬ್ಯಾಟರಿಗೋಸ್ಕರವೇ ಗ್ರಿಪ್ ಕೊಳ್ಳುವವರು ಹೆಚ್ಚು. ನನ್ನ ಮಟ್ಟಿಗೆ ಬ್ಯಾಟರಿ ಎರಡನೆಯ ಲಾಭ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದಾಗ ಬಲಗೈಗೆ ನೇರವಾಗಿ ಸಿಗುವ ಇನ್ನೊಂದು ಶಟರ್ ಬಟನ್ನೇ ಮೊದಲನೆಯದು.

ಗ್ರಿಪ್ ಇಲ್ಲದೆ ಉದ್ದಕ್ಕೆ ಹಿಡಿದಾಗ ಬಲಗೈ ಕ್ಯಾಮೆರಾದ ಮೇಲ್ಗಡೆ ಹೋಗುತ್ತದೆ, ಮೊಣಕೈ ಗಾಳಿಯಲ್ಲಿ ನಿಲ್ಲುತ್ತದೆ. ಹತ್ತು ನಿಮಿಷ ಏನೂ ಅನಿಸುವುದಿಲ್ಲ. ಮೂರನೇ ಗಂಟೆಗೆ ಭುಜ ಸೋಲುತ್ತದೆ, ಕೈ ಸಣ್ಣಗೆ ನಡುಗುತ್ತದೆ. ನೇಮದಲ್ಲಿ ಫ್ಲ್ಯಾಶ್ ಬಳಸುವಂತಿಲ್ಲ ಎಂದುಕೊಂಡೇ ಹೋಗಬೇಕು, ಶಟರ್ ವೇಗ 1/60, 1/80ಕ್ಕೆ ಇಳಿದಿರುತ್ತದೆ. ಆಗ ಆ ನಡುಕ ಚಿತ್ರದಲ್ಲಿ ಕಾಣಿಸದೆ ಇರುವುದಿಲ್ಲ. ಗ್ರಿಪ್ ಇದ್ದರೆ ಎರಡೂ ಮೊಣಕೈ ಪಕ್ಕೆಲುಬಿಗೆ ಒರಗುತ್ತವೆ, ಎಡಗೈ ಲೆನ್ಸಿನ ಅಡಿಗೆ ಬರುತ್ತದೆ.

ಹೀಗಿರುವಾಗ ಕೊಳ್ಳುವ ಮುಂಚೆ ನೋಡಬೇಕಾದ್ದು ಗ್ರಿಪ್‌ನ ಬಟನ್‌ಗಳನ್ನು. ಶಟರ್ ಬಟನ್, ಒಂದು ಡಯಲ್, ಫೋಕಸ್ ಮಾಡಿಸುವ ಎಎಫ್-ಆನ್ ಬಟನ್ ಇರಲೇಬೇಕು. ನಿಮ್ಮ ಕ್ಯಾಮೆರಾದಲ್ಲಿ ಫೋಕಸ್ ಬಿಂದು ಸರಿಸುವ ಜಾಯ್‌ಸ್ಟಿಕ್ ಇದ್ದರೆ ಗ್ರಿಪ್‌ನಲ್ಲೂ ಅದು ಬೇಕು, ಇಲ್ಲವಾದರೆ ಪ್ರತಿ ಸಲ ಹೆಬ್ಬೆರಳು ಮೇಲಕ್ಕೆ ಓಡುತ್ತದೆ. ನಿಕಾನ್ ಝಡ್6, ಝಡ್7ಕ್ಕೆ ಬಂದ ಎಂಬಿ-ಎನ್10 ಎಂಬುದು ಬರೀ ಬ್ಯಾಟರಿ ಪೆಟ್ಟಿಗೆ, ಅದರಲ್ಲಿ ಶಟರ್ ಬಟನ್ನೇ ಇಲ್ಲ. ಮುಂದಿನ ಝಡ್6 II, ಝಡ್7 IIಕ್ಕೆ ಬಂದ ಎಂಬಿ-ಎನ್11ರಲ್ಲಿ ಎಲ್ಲ ಬಟನ್ ಉಂಟು. ಹೆಸರು ಹತ್ತಿರವಿದೆಯೆಂದು ಹಳೆಯದನ್ನು ಅಗ್ಗಕ್ಕೆ ಕೊಂಡರೆ ಉದ್ದ ಫ್ರೇಮಿಗೆ ಏನೂ ಪ್ರಯೋಜನವಾಗದು.

ಮಾದರಿ ಹೊಂದಿಕೆ ಬಾಡಿಯಿಂದ ಬಾಡಿಗೆ, ಅಂದರೆ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ, ಬೇರೆ. ಕ್ಯಾನನ್ 70ಡಿ, 80ಡಿ, 90ಡಿ ಮೂರಕ್ಕೂ ಬಿಜಿ-ಇ14. 550ಡಿಯಿಂದ 700ಡಿವರೆಗೆ ಬಿಜಿ-ಇ8. ಆರ್5, ಆರ್6ಕ್ಕೆ ಬಿಜಿ-ಆರ್10. ಸೋನಿ ಎ7 IIIಕ್ಕೆ ವಿಜಿ-ಸಿ3ಇಎಂ, ಎ7 IVಕ್ಕೆ ವಿಜಿ-ಸಿ4ಇಎಂ. ನಿಕಾನ್ ಡಿ750ಕ್ಕೆ ಎಂಬಿ-ಡಿ16, ಡಿ850ಕ್ಕೆ ಎಂಬಿ-ಡಿ18. ನಿಕಾನಿನ ಡಿ3000, ಡಿ5000 ಸಾಲಿನ ಬಾಡಿಗಳಿಗೆ ಕಂಪನಿಯ ಗ್ರಿಪ್ಪೇ ಇಲ್ಲ. ಬೇರೆಯವರು ಮಾಡಿದ್ದರಲ್ಲಿ ಶಟರ್ ಬಟನ್ ಕೆಲಸ ಮಾಡಲು ಕ್ಯಾಮೆರಾದ ಪಕ್ಕದ ಪೋರ್ಟಿಗೆ ಒಂದು ಗಿಡ್ಡ ಕೇಬಲ್ ಸಿಕ್ಕಿಸಬೇಕು. ಜನಜಂಗುಳಿಯಲ್ಲಿ ಯಾರದೋ ಚೀಲಕ್ಕೆ ತಾಗಿ ಕಳಚುವುದೇ ಆ ಕೇಬಲ್. ಮಂಗಳೂರು, ಉಡುಪಿಯ ಅಂಗಡಿಗೆ ಹೋಗುವಾಗ ಬಾಡಿಯನ್ನು ಜೊತೆಗೇ ಒಯ್ಯಿರಿ. ಕೂರಿಸಿ, ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ ನೋಡಿ. ಕಟಕಟ ಅಂದರೆ, ಅಥವಾ ಸಂದಿಯಲ್ಲಿ ಬೆಳಕು ಕಂಡರೆ ಅದು ಬೇಡ.

ಕೂರಿಸುವ ಕ್ರಮ ಎರಡು ಬಗೆ. ಕ್ಯಾನನ್, ಸೋನಿ ಮತ್ತು ನಿಕಾನ್ ಝಡ್ ಬಾಡಿಗಳಲ್ಲಿ ಗ್ರಿಪ್‌ನಿಂದ ಮೇಲೆದ್ದ ಒಂದು ಕಂಬ ಬ್ಯಾಟರಿಯ ಗೂಡಿನೊಳಕ್ಕೆ ಇಳಿಯುತ್ತದೆ. ಮೊದಲು ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ. ಬ್ಯಾಟರಿ ಬಾಗಿಲಿನ ಬಿಜಾಗರದ ಬಳಿ ಸಣ್ಣದೊಂದು ಸನ್ನೆ (ಲಿವರ್) ಇದೆ, ಅದನ್ನು ಉಗುರಿನಿಂದ ಒತ್ತಿ ಹಿಡಿದರೆ ಬಾಗಿಲು ಪೂರ್ತಿ ಕಳಚಿ ಬರುತ್ತದೆ. ಒತ್ತದೆ ಎಳೆದರೆ ಬಿಜಾಗರದ ಮೊಳೆ ಮುರಿಯುತ್ತದೆ. ಕಳಚಿದ ಬಾಗಿಲನ್ನು ಜೇಬಿಗೆ ಹಾಕಬೇಡಿ, ಹೆಚ್ಚಿನ ಗ್ರಿಪ್‌ಗಳಲ್ಲಿ ಅದನ್ನಿಡಲೆಂದೇ ಗೂಡು ಇರುತ್ತದೆ. ಕಂಬವನ್ನು ನೇರ ಇಳಿಸಿ, ಟ್ರೈಪಾಡ್ ರಂಧ್ರಕ್ಕೆ ತಿರುಪು ಸಿಕ್ಕಿತೆಂದು ಕೈಗೆ ಗೊತ್ತಾದ ಮೇಲೆ ಗ್ರಿಪ್ ಬಿಗಿಯುವ ಚಕ್ರ ತಿರುಗಿಸಿ.

ನಿಕಾನಿನ ಡಿಎಸ್‌ಎಲ್‌ಆರ್‌ಗಳಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಡಿ750, ಡಿ810, ಡಿ850 ತರಹದವುಗಳಲ್ಲಿ, ಕ್ಯಾಮೆರಾದ ಬ್ಯಾಟರಿ ಒಳಗೇ ಉಳಿಯುತ್ತದೆ. ಬಾಡಿಯ ತಳದಲ್ಲಿ ಒಂದು ಸಣ್ಣ ರಬ್ಬರ್ ಮುಚ್ಚಳ ಇದೆ, ಅದನ್ನು ಎಬ್ಬಿಸಿದರೆ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳು ಕಾಣುತ್ತವೆ. ಮುಚ್ಚಳವನ್ನು ಗ್ರಿಪ್‌ನಲ್ಲಿರುವ ಗುಳಿಗೆ ಸಿಕ್ಕಿಸಿಡಿ. ಆಮೇಲೆ ಮೆನುವಿನಲ್ಲಿ ಎರಡು ಕಡೆ ಕೈಯಾಡಿಸಬೇಕು. ಬ್ಯಾಟರಿ ಕ್ರಮದಲ್ಲಿ ಗ್ರಿಪ್‌ನದ್ದೇ ಮೊದಲು ಖರ್ಚಾಗಲಿ ಎಂದು ಇಡಿ. ಗ್ರಿಪ್‌ನದು ಖಾಲಿಯಾದಾಗ ಬ್ಯಾಟರಿ ಕೂರುವ ಟ್ರೇ ಎಳೆದು ಬದಲಿಸಬಹುದು, ಅಷ್ಟರವರೆಗೆ ಒಳಗಿನ ಬ್ಯಾಟರಿಯಲ್ಲಿ ಕ್ಯಾಮೆರಾ ನಡೆಯುತ್ತಿರುತ್ತದೆ. ಎಎ ಸೆಲ್ ಹಾಕುವುದಾದರೆ ಯಾವ ಬಗೆಯ ಸೆಲ್ ಎಂದೂ ಮೆನುವಿನಲ್ಲಿ ಹೇಳಬೇಕು. ಹೇಳದಿದ್ದರೆ ಉಳಿದ ಚಾರ್ಜಿನ ಗುರುತು ತಪ್ಪು ತೋರಿಸುತ್ತದೆ.

ಎಎ ಸೆಲ್‌ಗಳನ್ನು ನಾನು ಆಪತ್ತಿಗೆ ಮಾತ್ರ ಎನ್ನುತ್ತೇನೆ. ಹಳೆಯ ಕ್ಯಾನನ್ ಗ್ರಿಪ್‌ಗಳಲ್ಲಿ 6 ಸೆಲ್‌ನ ಟ್ರೇ ಸಿಗುತ್ತದೆ. 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಆರು ಸೇರಿದರೆ 7.2 ವೋಲ್ಟ್, ಕ್ಯಾನನಿನ ಎಲ್‌ಪಿ-ಇ6 ಬ್ಯಾಟರಿ ಕೊಡುವುದೂ ಅಷ್ಟೇ. ಅಂಗಡಿಯ ಆಲ್ಕಲೈನ್ ಸೆಲ್‌ನ ಮೇಲೆ 1.5 ವೋಲ್ಟ್ ಎಂದಿದ್ದರೂ ಕ್ಯಾಮೆರಾ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಸೆಲ್‌ನಲ್ಲಿ ಶಕ್ತಿ ಉಳಿದಿದ್ದರೂ ಕ್ಯಾಮೆರಾ ಖಾಲಿ ಎಂದು ನಿಂತುಬಿಡುತ್ತದೆ. ಹಳೆಯದು ಹೊಸದು ಬೆರೆಸಿದರೆ ಇನ್ನೂ ಬೇಗ. ಒಳಗೆ ಕನ್ನಡಿ ಇಲ್ಲದ, ಪರದೆಯಲ್ಲೇ ನೋಡುವ ಕ್ಯಾಮೆರಾಗಳಿಗೆ ಮಿರರ್‌ಲೆಸ್ ಎನ್ನುತ್ತಾರೆ. ಬಿಜಿ-ಆರ್10ರಂತಹ ಮಿರರ್‌ಲೆಸ್ ಗ್ರಿಪ್‌ಗಳಲ್ಲಿ ಎಎ ಹಾಕುವ ದಾರಿಯೇ ಇಲ್ಲ.

ಗ್ರಿಪ್ ಹಾಕಿದರೆ ಬರ್ಸ್ಟ್ ವೇಗ, ಅಂದರೆ ಸಾಲಾಗಿ ಚಿತ್ರ ತೆಗೆಯುವ ವೇಗ, ಹೆಚ್ಚುತ್ತದೆಂಬ ಮಾತು ಕಂಬಳದ ಗದ್ದೆಯ ಬದಿಯಲ್ಲಿ ಆಗಾಗ ಕೇಳುತ್ತದೆ. ಹೆಚ್ಚಿನ ಕ್ಯಾಮೆರಾಗಳ ಮಟ್ಟಿಗೆ ಅದು ನಿಜವಲ್ಲ. ಹೆಚ್ಚುವುದು ಕೆಲವೇ ಬಾಡಿಗಳಲ್ಲಿ, ಉದಾಹರಣೆಗೆ ನಿಕಾನ್ ಡಿ850ರಲ್ಲಿ ಸೆಕೆಂಡಿಗೆ 7 ಇದ್ದದ್ದು 9 ಆಗುತ್ತದೆ, ಅದೂ ಎಂಬಿ-ಡಿ18ರೊಳಗೆ ದೊಡ್ಡ ಇಎನ್-ಇಎಲ್18 ಬಗೆಯ ಬ್ಯಾಟರಿ ಹಾಕಿದರೆ. ಆ ಬ್ಯಾಟರಿಗೆ ಬಿಎಲ್-5 ಎಂಬ ಬೇರೆ ಮುಚ್ಚಳವೂ ಅದರದ್ದೇ ಚಾರ್ಜರೂ ಬೇಕು. ಸಾಮಾನ್ಯ ಇಎನ್-ಇಎಲ್15 ಹಾಕಿ ಒಂಬತ್ತನ್ನು ನಿರೀಕ್ಷಿಸಿದರೆ ಬರುವುದಿಲ್ಲ.

ಬ್ಯಾಟರಿ ಎಷ್ಟು ಬಾಳುತ್ತದೆ? ಕ್ಯಾನನ್ 80ಡಿಗೆ ಒಂದು ಎಲ್‌ಪಿ-ಇ6ಎನ್‌ನಲ್ಲಿ ವ್ಯೂಫೈಂಡರ್ ಮೂಲಕ 960 ಚಿತ್ರ, ಹಿಂದಿನ ಪರದೆ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ 300 ಎಂದು ಕಂಪನಿಯ ಲೆಕ್ಕ. ಅದೇ ಬ್ಯಾಟರಿ, ಆದರೆ ಪರದೆ ಉರಿಯುತ್ತಿದ್ದರೆ ಮೂರರಲ್ಲೊಂದು ಪಾಲು. ಮಿರರ್‌ಲೆಸ್‌ನವರು ಯಾವಾಗಲೂ ಈ ಎರಡನೇ ಲೆಕ್ಕದಲ್ಲೇ ಇರುತ್ತಾರೆ. ರಾತ್ರಿ ಒಂದಕ್ಕೆ ಮುಗಿಯುವ ಕಾಲಮಿತಿ ಯಕ್ಷಗಾನ ಆಟಕ್ಕೆ ಗ್ರಿಪ್‌ನ ಎರಡು ಬ್ಯಾಟರಿ ಧಾರಾಳ ಸಾಕು. ಬೆಳಗಿನವರೆಗಿನ ಆಟ, ನೇಮಕ್ಕೆ ಮಿರರ್‌ಲೆಸ್ ಒಯ್ಯುವವರು ಇನ್ನೊಂದು ಜೋಡಿ ಇಟ್ಟುಕೊಳ್ಳಬೇಕು.

ಜೋಡಿ ಎಂದದ್ದು ಬೇಕೆಂದೇ. ಎರಡು ಬ್ಯಾಟರಿ ಒಟ್ಟಿಗೆ ಕೂರುವ ಗ್ರಿಪ್‌ನಲ್ಲಿ ಎರಡೂ ಒಂದೇ ವಯಸ್ಸಿನವು, ಒಂದೇ ಮಟ್ಟಕ್ಕೆ ಚಾರ್ಜ್ ಆದವು ಆಗಿರಲಿ. ಪರ್ಮನೆಂಟ್ ಮಾರ್ಕರಿನಿಂದ ಎ1, ಎ2, ಬಿ1, ಬಿ2 ಎಂದು ಬರೆದಿಡಿ, ಹಾಕುವಾಗಲೂ ಚಾರ್ಜ್ ಮಾಡುವಾಗಲೂ ಜೋಡಿ ಒಡೆಯಬೇಡಿ. ಕ್ಯಾನನ್ ಮೆನುವಿನ ಬ್ಯಾಟರಿ ಮಾಹಿತಿಯಲ್ಲಿ ಪ್ರತಿಯೊಂದರ ಶೇಕಡಾವಾರು ಚಾರ್ಜ್ ಬೇರೆಬೇರೆ ಕಾಣುತ್ತದೆ. ಕೆಳಗೆ ಮೂರು ಹಸಿರು ಚೌಕ ಇದ್ದರೆ ಬ್ಯಾಟರಿ ಗಟ್ಟಿ, ಎರಡಾದರೆ ಸ್ವಲ್ಪ ಸವೆದಿದೆ, ಒಂದೇ ಕೆಂಪು ಉಳಿದರೆ ಬದಲಿಸಿ. ನಿಕಾನಿನಲ್ಲಿ ಇದೇ ಮಾಹಿತಿ 0ಯಿಂದ 4ರವರೆಗಿನ ಅಂಕಿಯಾಗಿ ಬರುತ್ತದೆ, 4 ಎಂದರೆ ಮುಗಿಯಿತು. ಎಲ್‌ಪಿ-ಇ6ರ ಪ್ಲಾಸ್ಟಿಕ್ ಮುಚ್ಚಳದಲ್ಲಿ ಬ್ಯಾಟರಿ ಆಕಾರದ ಒಂದು ಕಿಂಡಿ ಇದೆ. ಒಂದು ಕಡೆಯಿಂದ ಹಾಕಿದರೆ ಅದರಲ್ಲಿ ನೀಲಿ ಕಾಣುತ್ತದೆ, ತಿರುಗಿಸಿ ಹಾಕಿದರೆ ಕಾಣುವುದಿಲ್ಲ. ಚಾರ್ಜ್ ಆದದ್ದಕ್ಕೆ ನೀಲಿ, ಖಾಲಿಯಾದದ್ದಕ್ಕೆ ಉಳಿದದ್ದು ಎಂದು ರೂಢಿ ಮಾಡಿಕೊಂಡರೆ ರಾತ್ರಿ ಎರಡು ಗಂಟೆಗೆ ಜೇಬಿನಲ್ಲಿ ಯಾವುದು ಯಾವುದೆಂದು ತಡಕಾಡುವುದು ತಪ್ಪುತ್ತದೆ.

ಬಹಳ ಅಗ್ಗದ ನಕಲಿ ಬ್ಯಾಟರಿಗಳು ಬೇಗ ಉಬ್ಬುತ್ತವೆ. ಉಬ್ಬಿದ್ದು ಗ್ರಿಪ್‌ನ ಟ್ರೇಯಲ್ಲಿ ಸಿಕ್ಕಿಹಾಕಿಕೊಂಡರೆ ಟ್ರೇ ಹೋದರೂ ಕ್ಯಾಮೆರಾ ಉಳಿಯುತ್ತದೆ ಎಂಬುದೊಂದು ಸಮಾಧಾನ. ಚೂಪಾದ ಯಾವುದನ್ನೂ ತುರುಕಿ ಎಬ್ಬಿಸಬೇಡಿ, ಲಿಥಿಯಂ ಪೊರೆ ತೂತಾದರೆ ಬೆಂಕಿ ಹಿಡಿಯುತ್ತದೆ. ಮಂಗಳೂರಿನ ಬಜ್ಪೆಯಿಂದ ವಿಮಾನ ಹತ್ತುವವರು ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ, ಮುಚ್ಚಳ ಹಾಕಿ ಇಡಬೇಕು.

ಇನ್ನು ಗ್ರಿಪ್ಪಿನ ದುರ್ಬಲ ಜಾಗ. ಕ್ಯಾಮೆರಾಕ್ಕೂ ಗ್ರಿಪ್ಪಿಗೂ ನಡುವೆ ಇರುವುದು ಒಂದೇ ತಿರುಪು, ಕೆಲವು ಸಣ್ಣ ಸ್ಪ್ರಿಂಗ್ ಕಾಂಟ್ಯಾಕ್ಟ್. ಎಲ್ಲ ತೊಂದರೆ ಬರುವುದು ಅಲ್ಲೇ. ನಡೆದಾಡುವಾಗಿನ ಅಲುಗಾಟಕ್ಕೆ ಚಕ್ರ ನಿಧಾನ ಸಡಿಲಾಗುತ್ತದೆ. ಕಾಗದದಷ್ಟು ಸಂದಿ ಬಿದ್ದರೂ ಉದ್ದಕ್ಕೆ ತಿರುಗಿಸಿದ ಗಳಿಗೆ ಕಾಂಟ್ಯಾಕ್ಟ್ ತಪ್ಪಿ ಕ್ಯಾಮೆರಾ ಆಫ್ ಆಗುತ್ತದೆ, ಅಡ್ಡಕ್ಕೆ ತಂದರೆ ಮತ್ತೆ ಜೀವ ಬರುತ್ತದೆ. ಈ ಲಕ್ಷಣ ಕಂಡರೆ ಬ್ಯಾಟರಿಯನ್ನು ಬೈಯುವ ಮೊದಲು ಚಕ್ರ ಬಿಗಿ ಮಾಡಿ. ಬೆರಳಿನ ಬಲ ಸಾಕು. ಇಕ್ಕಳ, ನಾಣ್ಯ ಹಾಕಿ ತಿರುಗಿಸಿದರೆ ಬಾಡಿಯ ತಿರುಪಿನ ಹಲ್ಲು ಸವೆಯುತ್ತದೆ. ಗ್ರಿಪ್‌ನ ತಳಕ್ಕೆ ಹುಕ್ ಹಾಕಿ ಕ್ಯಾಮೆರಾವನ್ನು ತಲೆಕೆಳಗಾಗಿ ನೇತುಹಾಕುವ ಸ್ಲಿಂಗ್ ಪಟ್ಟಿ ಬಳಸುವವರು ವಿಶೇಷ ಜಾಗ್ರತೆ ಮಾಡಬೇಕು. ಬಾಡಿ, 70-200 ಲೆನ್ಸ್, ಗ್ರಿಪ್, ಎಲ್ಲದರ ಭಾರ ಆ ಒಂದೇ ತಿರುಪಿನ ಮೇಲೆ ಬಿದ್ದು ಪ್ರತಿ ಹೆಜ್ಜೆಗೂ ತೂಗುತ್ತದೆ. ಪಟ್ಟಿಯನ್ನು ಬಾಡಿಯ ಕಿವಿಗೇ ಕಟ್ಟಿ. ಟ್ರೈಪಾಡ್, ಮೊನೊಪಾಡಿಗೆ ಭಾರದ ಲೆನ್ಸಿನ ಸುತ್ತ ಇರುವ ಕಾಲರ್ ಬಳೆಯನ್ನೇ ಸಿಕ್ಕಿಸಿ.

ಬಿಗಿ ಮಾಡಿದ ಮೇಲೂ ಕ್ಯಾಮೆರಾ ಏಳದಿದ್ದರೆ ಟ್ರೇ ಕಟ್ ಎಂದು ಪೂರ್ತಿ ಒಳಗೆ ಕೂತಿದೆಯೇ ನೋಡಿ. ಆಮೇಲೆ ಗ್ರಿಪ್ ಕಳಚಿ, ಒಂದು ಬ್ಯಾಟರಿಯನ್ನು ನೇರ ಬಾಡಿಗೆ ಹಾಕಿ, ಬಾಗಿಲು ಮುಚ್ಚಿ. ಎದ್ದರೆ ತಪ್ಪು ಗ್ರಿಪ್‌ನದು. ಕ್ಯಾನನ್ ಬಾಡಿಗಳಲ್ಲಿ ಬ್ಯಾಟರಿ ಬಾಗಿಲು ಮುಚ್ಚಿದೆಯೇ ಎಂದು ತಿಳಿಯಲು ಒಂದು ಪುಟ್ಟ ಸ್ವಿಚ್ ಇದೆ, ಗ್ರಿಪ್‌ನ ಮೇಲಿನ ಸಣ್ಣ ಮೊಳಕೆಯೊಂದು ಅದನ್ನು ಒತ್ತಿ ಹಿಡಿಯಬೇಕು. ಬೇರೆಯವರು ಮಾಡಿದ ಗ್ರಿಪ್‌ನಲ್ಲಿ ಆ ಮೊಳಕೆ ಗಿಡ್ಡವಿದ್ದರೆ, ಸವೆದಿದ್ದರೆ ಬಾಗಿಲು ತೆರೆದಿದೆ ಎಂದೇ ಕ್ಯಾಮೆರಾ ತಿಳಿಯುತ್ತದೆ. ಗ್ರಿಪ್‌ನ ಬಟನ್ ಮಾತ್ರ ಸತ್ತಂತಿದ್ದರೆ ಅದರದ್ದೇ ಆನ್/ಆಫ್ ಸ್ವಿಚ್ ನೋಡಿ. ನಿಕಾನಿನಲ್ಲಿ ಅದು ಶಟರ್ ಬಟನ್ನಿನ ಸುತ್ತ ಬೀಗದ ಉಂಗುರವಾಗಿರುತ್ತದೆ. ಅಡ್ಡಕ್ಕೆ ಹಿಡಿದಿರುವಾಗ ಅದನ್ನು ಆಫ್‌ನಲ್ಲೇ ಇಡಿ, ಇಲ್ಲವಾದರೆ ಅಂಗೈ ತಾಗಿ ನೆಲದ ಚಿತ್ರಗಳು ಬೀಳುತ್ತವೆ.

ಉಳಿದದ್ದು ನಮ್ಮೂರಿಗೇ ವಿಶೇಷವಾದ ಶತ್ರು, ಉಪ್ಪು. ಮಲ್ಪೆ, ಪಣಂಬೂರಿನ ತೀರದಲ್ಲಿ ಒಂದು ಸಂಜೆ ಕಳೆದ ಕ್ಯಾಮೆರಾದ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪುಡಿ ಕೂತಿರುತ್ತದೆ. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ನಮ್ಮ ಮಳೆಗಾಲ ಪೂರ್ತಿ ಇರುವುದೇ ಅದಕ್ಕಿಂತ ಮೇಲೆ. ಅಂದರೆ ಕಪಾಟಿನಲ್ಲಿಟ್ಟ ಗ್ರಿಪ್‌ನ ಕಾಂಟ್ಯಾಕ್ಟ್ ಮೇಲೆ ಉಪ್ಪುನೀರಿನ ತೆಳು ಪೊರೆ ವಾರಗಟ್ಟಲೆ ನಿಂತಿರುತ್ತದೆ. ಚಿನ್ನದ ಲೇಪ ತೆಳುವಾದದ್ದು, ಅದು ಸವೆದ ಕಡೆ ಅಡಿಯ ಲೋಹ ಹಸಿರು ಕಟ್ಟುತ್ತದೆ. ಒಳಗೆ ಬ್ಯಾಟರಿ ಇದ್ದರೆ ಕರೆಂಟಿನ ದೆಸೆಯಿಂದ ಇನ್ನೂ ಬೇಗ.

ತೀರದಿಂದ ಬಂದ ರಾತ್ರಿಯೇ ಗ್ರಿಪ್ ಕಳಚಿ. ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಹೊರಮೈ, ಸಂದಿಯ ಅಂಚು ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ. ಕಾಂಟ್ಯಾಕ್ಟ್‌ಗೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಡ್ಸ್ ಸಾಕು, ತೊಟ್ಟಿಕ್ಕುವಷ್ಟು ಬೇಡ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಹಳೇ ಉಪಾಯ ಬಿಡಿ, ಅದು ಲೇಪವನ್ನೇ ಕಿತ್ತು ತರುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ, ಎಣ್ಣೆಯ ಪೊರೆ ಧೂಳನ್ನು ಹಿಡಿದಿಡುತ್ತದೆ.

ಮಳೆಯಲ್ಲಿ ಹೊರಗೆ ಹೋಗುವುದಾದರೆ ರಬ್ಬರ್ ಅಂಚಿರುವ ಕಂಪನಿಯ ಗ್ರಿಪ್ಪನ್ನು ಮಾತ್ರ ನಂಬಬಹುದು, ಅದಕ್ಕೂ ಮೇಲೊಂದು ಕವರ್ ಬೇಕು. ಗ್ರಿಪ್ ಸೇರಿಸಿದ ಎತ್ತರಕ್ಕೆ ಕವರ್ ಕೊಳ್ಳಿ. ಬರೀ ಬಾಡಿಯ ಅಳತೆಯದು ಕೆಳಗೆ ಸಂದಿಯನ್ನೇ ಬಯಲಿಗೆ ಬಿಡುತ್ತದೆ. ಎಸಿ ಕಾರಿನಿಂದ ಇಳಿದ ಕೂಡಲೇ ಚೀಲ ತೆರೆಯದೆ ಅರ್ಧ ಗಂಟೆ ಬಿಡಿ, ತಣ್ಣನೆ ಲೋಹದ ಮೇಲೆ ಸೆಕೆಗಾಳಿ ತಾಗಿದರೆ ಟ್ರೇಯೊಳಗೂ ನೀರು ಬೆವರುತ್ತದೆ.

ವಾರಕ್ಕಿಂತ ಹೆಚ್ಚು ಹೊತ್ತು ಬಳಕೆ ಇಲ್ಲವೆಂದರೆ ಬ್ಯಾಟರಿಗಳನ್ನು ಟ್ರೇಯಿಂದ ತೆಗೆದು, ಅರ್ಧ ಚಾರ್ಜಿನಲ್ಲಿ, ಮುಚ್ಚಳ ಹಾಕಿ ಇಡಿ. ಕೆಲವು ಅಗ್ಗದ ಗ್ರಿಪ್‌ಗಳು ಕ್ಯಾಮೆರಾ ಆಫ್ ಇದ್ದಾಗಲೂ ಸ್ವಲ್ಪ ಸ್ವಲ್ಪ ಕರೆಂಟ್ ಹೀರುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಗ್ರಿಪ್, ಬಾಡಿ ಎರಡನ್ನೂ ಬೇರೆಬೇರೆಯಾಗಿ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿಡಿ, ಒಳಗೊಂದು ತೇವ ಅಳೆಯುವ ಪುಟ್ಟ ಹೈಗ್ರೊಮೀಟರ್ ಹಾಕಿ, ಶೇ 40ರಿಂದ 50ರೊಳಗೆ ನಿಂತರೆ ಸರಿ. ಸಿಲಿಕಾ ಜೆಲ್‌ನಲ್ಲಿ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಬಣ್ಣ ಬದಲಾದರೆ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.