ಅಜ್ಜನ ಗಿರಣಿ, ಕೋಟೆಯ ಕಲ್ಲು

ಚಿತ್ರದುರ್ಗದ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿ ಎಲ್ಲಿ ಅಂತ ಕೇಳಿಕೊಂಡು, ಸಿಡಿಮದ್ದು ಬೀಸುವ ಕಲ್ಲುಗಳನ್ನು ಸುಮ್ನೆ ದಾಟಿ ಹೋಗುತ್ತಾರೆ. ನಾನು ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ. ತಗ್ಗಿನಲ್ಲಿ ನಾಲ್ಕು ಭಾರಿ ಕಲ್ಲುಗಳು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಮದ್ದು. ಅದನ್ನು ಅರೆಯಲು ಆನೆ ಇಲ್ಲವೇ ಕೋಣ ಕಟ್ಟಿ ಈ ಕಲ್ಲು ತಿರುಗಿಸುತ್ತಿದ್ದರು ಅನ್ನುತ್ತಾರೆ. ಮದಕರಿ ನಾಯಕರ ಕೋಟೆ 1779ರಲ್ಲಿ ಹೈದರಾಲಿಯ ಕೈಗೆ ಹೋಯಿತು. ಕಲ್ಲುಗಳು ಇವತ್ತಿಗೂ ಇವೆ.

ನಮ್ಮಜ್ಜನ ಹಿಟ್ಟಿನ ಗಿರಣಿ ಮಾತ್ರ ನನ್ನ ಕಣ್ಣೆದುರೇ ಪಾಳು ಬಿತ್ತು. ಹೆಂಚು ಹೋಗಿದೆ, ಎಂಜಿನ್ ಗುಜರಿಗೆ ಹೋಗಿದೆ. ಉಳಿದಿರುವುದು ಎಂಜಿನ್ ಕೂರಿಸಿದ್ದ ಸಿಮೆಂಟ್ ಕಟ್ಟೆ, ಅದರಲ್ಲಿ ತುಕ್ಕು ಹಿಡಿದ ಬೋಲ್ಟುಗಳು, ಗೋಡೆಯಲ್ಲೊಂದು ಉದ್ದನೆ ಸೀಳು. ಆ ಸೀಳಿನಿಂದಲೇ ಎಂಜಿನ್ನಿನ ಪಟ್ಟಾ (ಬೆಲ್ಟು) ಈಚೆ ಬಂದು ಕಲ್ಲು ತಿರುಗಿಸುತ್ತಿತ್ತು. ಹೊಗೆ, ಎಣ್ಣೆ ಹಿಟ್ಟಿಗೆ ತಾಗಬಾರದು ಅಂತ ಎಂಜಿನ್‌ಗೆ ಬೇರೆ ಕೋಣೆ.

'ಏನವ್ವಾ, ರೊಟ್ಟಿಗೋ ನುಚ್ಚಿಗೋ?' ಅಂತ ಕೇಳಿಯೇ ಅಜ್ಜ ಜೋಳ ಸುರಿಯುತ್ತಿದ್ದರು. ಆಮೇಲೆ ಅವರ ಒಂದು ಕೈ ಕಲ್ಲು ಬಿಗಿ ಮಾಡುವ ಚಕ್ರದ ಮೇಲೆ, ಇನ್ನೊಂದು ಹಿಟ್ಟು ಬೀಳುವ ಬಾಯಿಯ ಕೆಳಗೆ. ಬೆರಳಲ್ಲಿ ಚಿಟಿಕೆ ಹಿಟ್ಟು ತಿಕ್ಕಿ ನೋಡುವರು. ತರಿ ಸಿಕ್ಕರೆ ಚಕ್ರ ಚೂರು ತಿರುವುವರು. ಜಾಸ್ತಿ ಬಿಗಿಯಾದರೆ ಹಿಟ್ಟು ಕಾದು ಜಿಗುಟು ಹೋಗುತ್ತದೆ, ತಟ್ಟುವಾಗಲೇ ರೊಟ್ಟಿ ಬಿರಿಯುತ್ತದೆ. ಕಲ್ಲು ಸವೆದರೆ ಎರಡನ್ನೂ ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಮುಳ್ಳು ಹಾಕಬೇಕು, ಅಂದರೆ ಕಲ್ಲಿನ ಮೈ ಮತ್ತೆ ಒರಟು ಮಾಡಬೇಕು. ಅವತ್ತು ಗಿರಣಿ ಬಂದ್.

ನಸುಕಿನಲ್ಲೆದ್ದು ಬೀಸುತ್ತಿದ್ದ ನಮ್ಮಜ್ಜಿಯಂಥವರಿಗೆ ಈ ಗಿರಣಿ ಎಷ್ಟು ದೊಡ್ಡ ಬಿಡುಗಡೆ, ಅಲ್ವಾ? ಬೀಸುವ ಪದಗಳು ಹೋದವು ಅಂತ ಮರುಗುವವರಿದ್ದಾರೆ. ಅಜ್ಜಿಯ ರಟ್ಟೆ ನೋವು ನೋಡಿದ ನಾನು ಆ ಮಾತು ಆಡಲಾರೆ.

ಮುಂದೆ ಪಕ್ಕದ ಬೀದಿಗೆ ಕರೆಂಟಿನ ಗಿರಣಿ ಬಂತು, ಅಂಗಡಿಗೆ ಪ್ಯಾಕೆಟ್ ಹಿಟ್ಟು ಬಂತು, ರೇಷನ್ ಅಕ್ಕಿ ಬಂದು ಮನೆಗಳಲ್ಲಿ ಜೋಳ ಕಡಿಮೆಯಾಯಿತು. ಅಷ್ಟೇ.

ಕೋಟೆಯ ಕಲ್ಲು ಕಾಯಲು ಪುರಾತತ್ವ ಇಲಾಖೆ ಇದೆ. ಊರೂರಿನ ಗಿರಣಿಗಳನ್ನು ನಾವೇ ಬರೆದಿಡಬೇಕು. ನಮ್ಮ ಗೋಡೆ ಕೆಡವುವ ಮೊದಲು ಕಟ್ಟೆ, ಸೀಳು ಎರಡರ ಅಳತೆ ತೆಗೆದು ಫೋಟೋ ಹೊಡೆದಿಡೋಣ ಅಂತ ಅಣ್ಣನಿಗೆ ಹೇಳಿದ್ದೇನೆ. ಅಂಗಳದಲ್ಲಿ ಬಿದ್ದಿರುವ ಮೇಲುಗಲ್ಲನ್ನು ಯಾರಿಗೂ ಕೊಡಬೇಡ ಅಂತಲೂ ಹೇಳಿದ್ದೇನೆ.