ಮೆಣಸಿನ ದಾರಿಯಲ್ಲಿ ರಾಣಿಯರ ಊರುಗಳು

ಕರ್ನಾಟಕವನ್ನಾಳಿದ ರಾಣಿಯರ ನೆಲೆಗಳನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ಮೊದಲು ಕಿತ್ತೂರಿಗೆ ಹೋಗುತ್ತಾರೆ. ಕಿತ್ತೂರು ಈ ಕಥೆಯ ಕೊನೆಯ ಅಧ್ಯಾಯ. ಕರಾವಳಿಯಿಂದ ಹೊರಟು, ಘಟ್ಟ ಹತ್ತಿ, ಮಲೆನಾಡು ದಾಟಿ ಬೆಳವಲಕ್ಕೆ ಹೋದರೆ ಕಾಲದ ಕ್ರಮವೂ ಬಹುಮಟ್ಟಿಗೆ ಕೂಡಿಬರುತ್ತದೆ, ದಾರಿಯೂ ಸಲೀಸು. ಮೂಡುಬಿದಿರೆ, ಉಳ್ಳಾಲ, ಬಾರ್ಕೂರು, ಗೇರುಸೊಪ್ಪೆ, ಇಕ್ಕೇರಿ, ಕೆಳದಿ, ನಗರ, ಕಿತ್ತೂರು: ಇಷ್ಟಕ್ಕೆ ಸ್ವಂತ ವಾಹನವಿದ್ದರೆ ಐದು ದಿನ ಸಾಕು. ಮಿರ್ಜಾನ್ ಕೋಟೆ, ಕವಲೇದುರ್ಗ ಎರಡನ್ನೂ ಸೇರಿಸಿಕೊಂಡರೆ ಇನ್ನೊಂದು ದಿನ ಬೇಕು.

ಹೊರಡುವ ಮೊದಲು ಒಂದು ವಿಷಯ ತಿಳಿದಿದ್ದರೆ ನೋಡುವ ಪ್ರತಿ ಕಲ್ಲೂ ಬೇರೆಯಾಗಿ ಕಾಣುತ್ತದೆ. ಘಟ್ಟದ ಕೆಳಗೆ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ, ಪಟ್ಟ ಎರಡೂ ಹೆಣ್ಣಿನ ಕಡೆಯಿಂದ ಇಳಿಯುತ್ತಿದ್ದವು. ಅಲ್ಲಿ ಹೆಣ್ಣು ಗದ್ದುಗೆ ಏರುವುದಕ್ಕೆ ಗಂಡನ ಹೆಸರು ಬೇಕಿರಲಿಲ್ಲ. ಘಟ್ಟದ ಮೇಲೆ ಪಟ್ಟ ತಂದೆಯಿಂದ ಮಗನಿಗೆ. ಅರಸ ಸತ್ತು, ಮಗನಿಲ್ಲದೆ ಹೋದಾಗ ಮಾತ್ರ ರಾಣಿ ಮುಂದೆ ಬರುತ್ತಿದ್ದಳು, ಅದೂ ಒಬ್ಬನನ್ನು ದತ್ತು ತೆಗೆದುಕೊಂಡು. ಹಾಗಾಗಿ ಕೆಳಗಿನ ರಾಣಿಯರ ಜಗಳವೆಲ್ಲ ಬಂದರು, ಮೆಣಸು, ಕಪ್ಪದ ಮೇಲೆ. ಮೇಲಿನವರ ಸಂಕಟ ದತ್ತಕದ ಸುತ್ತ.

ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್. ಬಂದವರೆಲ್ಲ 1430ರ ಸಾವಿರ ಕಂಬದ ಬಸದಿ ನೋಡಿ ಹಿಂದಿರುಗುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಚೌಟ ಅರಸರ ಅರಮನೆ ಇದೆ, ಅದನ್ನು ಬಿಡಬಾರದು. ಉಳ್ಳಾಲದ ರಾಣಿ ಅಬ್ಬಕ್ಕ ಈ ಚೌಟರ ಮನೆತನದವಳು. ಅರಮನೆಯ ಮರದ ಕಂಬಗಳಲ್ಲಿ ನವನಾರೀ ಕುಂಜರವನ್ನೂ ಪಂಚನಾರೀ ತುರಗವನ್ನೂ ಕೆತ್ತಿದ್ದಾರೆ. ಒಂಬತ್ತು ಹೆಂಗಸರ ಮೈ ಹೊಂದಿಸಿ ಒಂದು ಆನೆ, ಐವರನ್ನು ಹೊಂದಿಸಿ ಒಂದು ಕುದುರೆ. ದೂರದಿಂದ ಪ್ರಾಣಿ ಮಾತ್ರ ಕಾಣುತ್ತದೆ. ಹತ್ತಿರ ನಿಂತು ಸೊಂಡಿಲಿನಿಂದ ಬಾಲದ ತನಕ ಒಬ್ಬೊಬ್ಬರನ್ನೇ ಎಣಿಸಬೇಕು. ಇದು ಇಂದಿಗೂ ಮನೆತನದವರ ಸೊತ್ತು. ಹಗಲಲ್ಲೇ ಹೋಗಿ, ಅಂಗಳದಲ್ಲಿ ನಿಂತು ಕೇಳಿ, ಒಪ್ಪಿದ ಮೇಲೆ ಒಳಗೆ ಕಾಲಿಡುವುದು ಮರ್ಯಾದೆ. ಕೆತ್ತನೆಯ ಮೇಲೆ ಕೈಯಾಡಿಸಬೇಡಿ. ಬೆವರಿನ ಕೈ ತಾಗಿ ತಾಗಿ ಮರದ ಅಂಚು ಮೊಂಡಾಗುತ್ತದೆ.

ಉಳ್ಳಾಲ ಮಂಗಳೂರಿನ ದಕ್ಷಿಣಕ್ಕೆ, ನೇತ್ರಾವತಿಯ ಆಚೆ. ಅಬ್ಬಕ್ಕನ ಅರಮನೆ ಎಲ್ಲಿ ಎಂದು ಕೇಳುತ್ತಾ ಹೋದವರಿಗೆ ನಿರಾಸೆಯೇ ಗತಿ, ಇಡಿಯಾಗಿ ನಿಂತ ಅರಮನೆ ಅಲ್ಲಿಲ್ಲ. ನೋಡಬೇಕಾದದ್ದು ನೆಲದ ರೂಪ. ಸೋಮೇಶ್ವರದ ಬಂಡೆಗಳ ಮೇಲೆ ನಿಂತರೆ ಒಂದು ಕಡೆ ಸಮುದ್ರ, ಉತ್ತರಕ್ಕೆ ಅಳಿವೆ. ಹೊಳೆಯಲ್ಲಿ ಇಳಿದುಬರುವ ಸರಕನ್ನು ಹಡಗಿಗೇರಿಸುವ ಜಾಗ ಯಾರ ಕೈಯಲ್ಲಿರಬೇಕು ಎಂಬುದೇ ಪೋರ್ಚುಗೀಸರಿಗೂ ಚೌಟರಿಗೂ ನಡೆದ ಕಾದಾಟ. 1555ರಲ್ಲೂ 1568ರಲ್ಲೂ ಪೋರ್ಚುಗೀಸರು ಉಳ್ಳಾಲದ ಮೇಲೆ ಬಿದ್ದರು. ಕಪ್ಪ ಕೊಡಲು ಅಬ್ಬಕ್ಕ ಒಪ್ಪಿರಲಿಲ್ಲ. ಬಂಡೆಗಳ ಬಳಿ ಅಲೆಯ ಸೆಳೆತ ಜೋರು, ಈಜು ಬಲ್ಲವರೂ ಇಲ್ಲಿ ನೀರಿಗಿಳಿಯಬಾರದು.

ಅಬ್ಬಕ್ಕ ಒಬ್ಬಳಲ್ಲ, ಒಂದಕ್ಕಿಂತ ಹೆಚ್ಚು ಮಂದಿ ಎಂದು ಇತಿಹಾಸಕಾರರು ಹೇಳುವುದಕ್ಕೆ ಗಟ್ಟಿ ಕಾರಣವಿದೆ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿಗೆ ಬಂದಾಗಲೂ ಉಳ್ಳಾಲಕ್ಕೆ ರಾಣಿಯೇ ಇದ್ದಳು. 1555ರಿಂದ ಅಲ್ಲಿಗೆ 68 ವರ್ಷ. ಅವನು ಅವಳನ್ನು ಕಂಡದ್ದು ಉಳ್ಳಾಲದಲ್ಲಲ್ಲ, ಒಳನಾಡಿನ ಮಣೇಲಿನಲ್ಲಿ, ಇಂದಿನ ಮಂಗಳೂರು–ಮೂಡುಬಿದಿರೆ ದಾರಿಯ ಗುರುಪುರದ ಆಸುಪಾಸಿನಲ್ಲಿ. ಅವಳು ಸಿಂಹಾಸನದ ಮೇಲೆ ಕೂತಿರಲಿಲ್ಲ. ಸೊಂಟಕ್ಕೊಂದು ಬಿಳಿ ಬಟ್ಟೆ ಸುತ್ತಿ, ತಲೆ ಹೆಗಲ ಮೇಲೆ ಇನ್ನೊಂದು ಹೊದ್ದು, ಬರಿಗಾಲಲ್ಲಿ, ಅಗೆಯುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ದಾರಿಯಲ್ಲೇ ನಿಂತು ಮಾತಾಡಿಸಿದಳು, ಯಾವ ಯಾವ ದೇಶ ನೋಡಿದ್ದಾನೆಂದು ಕೇಳಿದಳು. ರೂಪ ಕಂಡು ಅಡುಗೆಯಾಳು ಅಂದುಕೊಳ್ಳಬಹುದಿತ್ತು, ಮಾತು ಕೇಳಿದ ಮೇಲೆ ಅರಸಿ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ನಮ್ಮ ರಾಣಿಯರ ಬಗ್ಗೆ ಉಳಿದಿರುವ ಬರಹಗಳಲ್ಲಿ ಇಷ್ಟು ಕಣ್ಣಿಗೆ ಕಟ್ಟುವಂಥದ್ದು ಅಪರೂಪ. ಊರಿನ ವೃತ್ತಗಳಲ್ಲಿ ನಿಲ್ಲಿಸಿದ ಖಡ್ಗಧಾರಿ ಪ್ರತಿಮೆಗಳಿಗಿಂತ ಈ ಕಾಲುವೆಯ ಬದುವಿನ ಅಬ್ಬಕ್ಕನೇ ಆಳ್ವಿಕೆ ಎಂದರೇನು ಎಂಬುದನ್ನು ಚೆನ್ನಾಗಿ ತೋರಿಸುತ್ತಾಳೆ.

ಬಾರ್ಕೂರಿಗೆ ಅರ್ಧ ದಿನ ಸಾಕು. ಉಡುಪಿಯಿಂದ ಸುಮಾರು 16 ಕಿಲೋಮೀಟರ್. ಕೊಂಕಣ ರೈಲಿನ ನಿಲ್ದಾಣವೂ ಇದೆ. 13ನೆಯ ಶತಮಾನದ ಕೊನೆಯಲ್ಲಿ ಆಳುಪ ಅರಸು ಮನೆತನದ ಬಲ್ಲ ಮಹಾದೇವಿ ಇಲ್ಲಿಂದ ಆಳಿದಳು. ಅವಳ ಶಾಸನಗಳಲ್ಲಿ ‘ಪಾಂಡ್ಯ ಚಕ್ರವರ್ತಿ’ ಎಂಬ ಬಿರುದಿದೆ. ಗಂಡಸು ಅರಸರು ಧರಿಸಿದ ಬಿರುದನ್ನು ಅವಳು ಹಾಗೆಯೇ ಧರಿಸಿದಳು. ಕತ್ತಲೆ ಬಸದಿಯ ಕಂಬಗಳನ್ನೂ ಕೋಟೆಯ ಕುರುಹುಗಳನ್ನೂ ನೋಡಿಕೊಂಡು ಮಧ್ಯಾಹ್ನದೊಳಗೆ ಹೊರಟರೆ ಕತ್ತಲಾಗುವ ಮೊದಲು ಹೊನ್ನಾವರ ಸೇರಬಹುದು.

ಹೊನ್ನಾವರದಿಂದ ಶರಾವತಿಯ ಗುಂಟ ಸುಮಾರು 30 ಕಿಲೋಮೀಟರ್ ಹೋದರೆ ಗೇರುಸೊಪ್ಪೆ. ಈ ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಾದ ಊರು ಇದು. ಚೆನ್ನಭೈರಾದೇವಿ ಇಲ್ಲಿ 1552ರಿಂದ 1606ರವರೆಗೆ ಆಳಿದಳು. ಐವತ್ತನಾಲ್ಕು ವರ್ಷ! ಭಾರತದಲ್ಲಿ ಇಷ್ಟು ದೀರ್ಘಕಾಲ ಆಳಿದ ಇನ್ನೊಬ್ಬ ರಾಣಿ ಇಲ್ಲ ಎನ್ನುತ್ತಾರೆ. ಘಟ್ಟದ ಮೇಲಿನ ಕಾಳುಮೆಣಸು ಈ ಹೊಳೆಯಲ್ಲೇ ಇಳಿದು ಹೊನ್ನಾವರದ ಬಂದರು ಸೇರುತ್ತಿತ್ತು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. 1559ರಲ್ಲೂ 1570ರಲ್ಲೂ ಅವರೊಡನೆ ಯುದ್ಧವಾಯಿತು.

ಇಲ್ಲಿ ನೋಡಬೇಕಾದ ಚತುರ್ಮುಖ ಬಸದಿಗೆ ಹೋಗುವಾಗ ದಾರಿ ತಪ್ಪುವವರು ಬಹಳ. ಫೋನಿನ ನಕ್ಷೆಯಲ್ಲಿ ಬರೀ ‘ಚತುರ್ಮುಖ ಬಸದಿ’ ಎಂದು ಹುಡುಕಿದರೆ ಅದು ಕಾರ್ಕಳದ ಕಡೆಗೆ ತಿರುಗಿಸಬಹುದು. ಅಲ್ಲಿಯೂ ಅದೇ ಹೆಸರಿನ, 1586ರ ಬಸದಿ ಇದೆ. ‘ನಗರಬಸ್ತಿಕೇರಿ’ ಎಂದು ಹುಡುಕಿ, ಕೇಳುವಾಗಲೂ ಹಾಗೆಯೇ ಕೇಳಿ. ಬರೀ ‘ನಗರ’ ಎಂದರೆ ಹೊಸನಗರದ ಕಡೆಯ ನಗರವೆಂದುಕೊಳ್ಳುತ್ತಾರೆ. ಬಸದಿ ಇರುವುದು ಹೊಳೆ ದಾಟಿದ ಮೇಲೆ, ಕಾಡಿನ ನಡುವೆ. ಅಲ್ಲಿ ಫೋನಿಗೆ ಸಿಗ್ನಲ್ ನೆಚ್ಚುವಂತಿಲ್ಲ. ಹೊನ್ನಾವರದಲ್ಲೇ ನಕ್ಷೆ ಇಳಿಸಿಕೊಂಡು, ಪೆಟ್ರೋಲ್ ತುಂಬಿಸಿ, ನೀರು ಕಟ್ಟಿಕೊಂಡು ಹೊರಡಬೇಕು.

ಬಸದಿ ಪೂರ್ತಿ ಕಣಶಿಲೆಯದು. ನಾಲ್ಕು ದಿಕ್ಕಿಗೂ ಬಾಗಿಲು, ಪ್ರತಿ ಬಾಗಿಲಿಗೆ ಎದುರಾಗಿ ಒಬ್ಬ ತೀರ್ಥಂಕರ. ಬೆಳಿಗ್ಗೆ ಪೂರ್ವದಿಂದ ಶುರುಮಾಡಿ ಬಿಸಿಲಿನ ಜೊತೆ ಸುತ್ತು ಬಂದರೆ ಮೂರ್ತಿಗಳ ಮೇಲೆ ಬೆಳಕು ಸರಿಯಾಗಿ ಬೀಳುತ್ತದೆ. ಸುತ್ತಲಿನ ಕಾಡಿನಲ್ಲಿ ಹಳೆ ಪಟ್ಟಣದ ತಳಪಾಯದ ಕಲ್ಲುಗಳು ಬೇರುಗಳ ನಡುವೆ ಹುದುಗಿವೆ. ದೆಲ್ಲಾ ವಾಲೆ ಇದೇ ದಾರಿಯಲ್ಲಿ ಹೋದಾಗ ಗೇರುಸೊಪ್ಪೆ ಆಗಲೇ ಹಾಳು ಬಿದ್ದಿತ್ತು. ರಾಣಿ ಸೆರೆಯಾಗಿ ಆಗಿನ್ನೂ 17 ವರ್ಷ. ಮೆಣಸಿನ ವ್ಯವಹಾರ ಕೈಬಿಟ್ಟ ಕೂಡಲೇ ಊರು ಖಾಲಿಯಾಯಿತು ಎಂದು ಇದರಿಂದ ಊಹಿಸಬಹುದು.

ಹೊನ್ನಾವರದಿಂದ ಉತ್ತರಕ್ಕೆ ಕುಮಟಾ ದಾಟಿ ಮಿರ್ಜಾನಿಗೆ ಹೋಗಿಬರಲು ಅರ್ಧ ದಿನ. ಅಘನಾಶಿನಿಯ ಸಮೀಪದ ಈ ಚಿರೇಕಲ್ಲಿನ ಕೋಟೆಯನ್ನು ಚೆನ್ನಭೈರಾದೇವಿ ಕಟ್ಟಿಸಿದಳು ಎನ್ನುವುದು ಜನಪ್ರಿಯ ಮಾತು, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಳೆ ಮುಗಿದ ಹೊಸತರಲ್ಲಿ ಗೋಡೆಗಳೆಲ್ಲ ಹಸಿರು ಪಾಚಿ ಹೊದ್ದು ಚೆಂದ ಕಾಣುತ್ತವೆ, ಅದೇ ಪಾಚಿ ಮೆಟ್ಟಿಲುಗಳ ಮೇಲೂ ಇರುತ್ತದೆ. ಸವೆದ ಅಡಿಯ ಚಪ್ಪಲಿ ಹಾಕಿಕೊಂಡು ಗೋಡೆ ಹತ್ತಬೇಡಿ. ಒಳಗಿನ ಬಾವಿಗಳು ಆಳ, ಮಕ್ಕಳ ಕೈ ಬಿಡಬಾರದು.

ಗೇರುಸೊಪ್ಪೆಯಿಂದ ಘಟ್ಟ ಹತ್ತಿ, ಜೋಗದ ಪಕ್ಕದಿಂದ ಸಾಗರಕ್ಕೆ ಬಂದರೆ ಮೆಣಸಿನ ದಾರಿಯ ಮೇಲಿನ ತುದಿ ಸಿಗುತ್ತದೆ. ಘಟ್ಟದ ತಿರುವುಗಳಲ್ಲಿ ಬೆಳಗಿನ ಮಂಜು ದಟ್ಟ, ಎದುರಿಗೆ ಭಾರದ ಲಾರಿಗಳು. ಒಂಬತ್ತರ ಮೇಲೆ ಹೊರಡುವುದೇ ಒಳ್ಳೆಯದು. ರೈಲಿನಲ್ಲಿ ಬರುವವರಿಗೆ ತಾಳಗುಪ್ಪ ಕೊನೆಯ ನಿಲ್ದಾಣ, ಸಾಗರದಲ್ಲೂ ಇಳಿಯಬಹುದು.

ಸಾಗರದಿಂದ ಇಕ್ಕೇರಿ ಒಂದು ಕಡೆ, ಕೆಳದಿ ಇನ್ನೊಂದು ಕಡೆ. ಎರಡೂ ಹತ್ತು ಕಿಲೋಮೀಟರ್ ಒಳಗೆ. ಮೊದಲು ಇಕ್ಕೇರಿ. ಅಘೋರೇಶ್ವರ ದೇವಸ್ಥಾನದ ನೆಲದ ಕಲ್ಲಿನಲ್ಲಿ ಸಾಷ್ಟಾಂಗ ಬಿದ್ದ ಮೂವರು ಕೆಳದಿ ನಾಯಕ ಅರಸರ ರೇಖೆಗಳಿವೆ, ನೋಡದೆ ತುಳಿದುಬಿಡುವವರೇ ಹೆಚ್ಚು. ಚೆನ್ನಭೈರಾದೇವಿಯನ್ನು ಸೆರೆಹಿಡಿದವನು ಇಲ್ಲಿನ ವೆಂಕಟಪ್ಪ ನಾಯಕ. ಅವಳು ಇಕ್ಕೇರಿಯ ಸೆರೆಯಲ್ಲೇ ತೀರಿಕೊಂಡಳು ಎನ್ನುತ್ತಾರೆ. ಅದೇ ವೆಂಕಟಪ್ಪ ನಾಯಕ ಉಳ್ಳಾಲದ ರಾಣಿಗೆ ನೆರೆಯ ಬಂಗ ಮನೆತನದ ಅರಸನ ವಿರುದ್ಧ, ಪೋರ್ಚುಗೀಸರ ವಿರುದ್ಧ ನೆರವಾದ. ಗೇರುಸೊಪ್ಪೆಯನ್ನು ಗೆದ್ದರೆ ಮೆಣಸು ಸಿಗುತ್ತಿತ್ತು, ಉಳ್ಳಾಲದಲ್ಲಿ ಸ್ನೇಹವಿದ್ದರೆ ಪೋರ್ಚುಗೀಸರ ಕೈ ಕಟ್ಟಬಹುದಿತ್ತು. ರಾಜಕೀಯದ ಲೆಕ್ಕ ಅಷ್ಟೇ. ಹೆಣ್ಣೆಂದು ಕನಿಕರವೂ ಇಲ್ಲ, ತಾತ್ಸಾರವೂ ಇಲ್ಲ.

ಕೆಳದಿಯ ರಾಮೇಶ್ವರ ಗುಡಿಗಳ ಸಮುಚ್ಚಯದಲ್ಲಿ ವೀರಭದ್ರನ ಗುಡಿಯ ಮಾಡಿನತ್ತ ಕತ್ತೆತ್ತಿದರೆ ಗಂಡಭೇರುಂಡ. ಇಲ್ಲಿನ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ 1672ರಿಂದ 1697. ಗಂಡ ಸೋಮಶೇಖರ ನಾಯಕ ಕೊಲೆಯಾದ ಮೇಲೆ ಬಸಪ್ಪನನ್ನು ದತ್ತು ತೆಗೆದುಕೊಂಡು, ತಾನೇ ಕಾಲು ಶತಮಾನ ರಾಜ್ಯ ನಡೆಸಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಆಸರೆ ಕೊಟ್ಟಳು, ಬೆನ್ನಟ್ಟಿ ಬಂದ ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಅವಳ ದತ್ತಕ ಗಟ್ಟಿಯಾಗಿತ್ತು: ದತ್ತುಮಗ ಅವಳ ಕಣ್ಣೆದುರೇ ಬೆಳೆದು ಪಟ್ಟಕ್ಕೆ ಸಿದ್ಧನಾದ, ಮುಂದೆ ‘ಶಿವತತ್ತ್ವ ರತ್ನಾಕರ’ ಬರೆದವನೂ ಅವನೇ. ಕೆಳದಿಯಲ್ಲಿ ವಸ್ತುಸಂಗ್ರಹಾಲಯವಿದೆ, ತೆರೆಯುವ ಹೊತ್ತನ್ನು ಸಾಗರದಲ್ಲೇ ವಿಚಾರಿಸಿಕೊಂಡು ಹೋಗಿ.

ಹೊಸನಗರದಿಂದ ಸುಮಾರು 17 ಕಿಲೋಮೀಟರ್ ದೂರದ ನಗರವೇ ಹಳೆಯ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ದತ್ತಕ ಹೇಗೆ ರಾಜ್ಯವನ್ನೇ ಮುಳುಗಿಸಬಲ್ಲದು ಎಂಬುದಕ್ಕೆ ಈ ಕೋಟೆ ಸಾಕ್ಷಿ. ಇಲ್ಲಿನ ರಾಣಿ ವೀರಮ್ಮಾಜಿಯ ಮೊದಲ ದತ್ತುಮಗ ಚೆನ್ನಬಸಪ್ಪ 1757ರಲ್ಲಿ ಇಲ್ಲವಾದ; ಅವಳು ಇನ್ನೊಬ್ಬನನ್ನು ದತ್ತು ತೆಗೆದುಕೊಂಡಳು. ಆಮೇಲೆ ತಾನೇ ಆ ಚೆನ್ನಬಸಪ್ಪ ಎಂದು ಹೇಳಿಕೊಂಡವನೊಬ್ಬ ಹೈದರಾಲಿಯ ನೆರವು ಬೇಡಿದ. ಹೈದರನಿಗೆ ಬೇಕಾಗಿದ್ದ ನೆಪ ಸಿಕ್ಕಿತು. 1763ರಲ್ಲಿ ಬಿದನೂರು ಬಿತ್ತು, ರಾಣಿಯನ್ನು ಮಧುಗಿರಿಯ ಬೆಟ್ಟದಲ್ಲಿ ಸೆರೆಯಿಟ್ಟರು. 1767ರಲ್ಲಿ ಮರಾಠರು ಬಿಡಿಸಿದರಾದರೂ ಪುಣೆಗೆ ಹೋಗುವ ದಾರಿಯಲ್ಲಿ ಅವಳು ಕಣ್ಣುಮುಚ್ಚಿದಳು. ಕೋಟೆಯೊಳಗೆ ದರ್ಬಾರಿನ ಜಗಲಿ, ಅಕ್ಕ–ತಂಗಿ ಕೊಳಗಳು ಉಳಿದಿವೆ. ಸಮೀಪದ ದೇವಗಂಗೆಯ ಕೊಳಗಳನ್ನೂ ನೋಡಿ ಬನ್ನಿ: ಒಂದೊಂದು ಕೊಳಕ್ಕೆ ಒಂದೊಂದು ಆಕಾರ, ಗುಡ್ಡದ ಊಟೆಯ ನೀರು.

ಕವಲೇದುರ್ಗದ ಬೆಟ್ಟದ ಕೋಟೆ ಹತ್ತುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹತ್ತಬೇಕು. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ ವಿಪರೀತ. ಹೊಗೆಸೊಪ್ಪಿನ ಪುಡಿಯನ್ನೂ ಸುಣ್ಣವನ್ನೂ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಪಾದದಿಂದ ಮೊಣಕಾಲಿನವರೆಗೆ ಹಚ್ಚಿದರೆ ಹತ್ತುವುದಿಲ್ಲ, ಆದರೆ ಗದ್ದೆಯ ನೀರಿನಲ್ಲಿ ಕಾಲಿಟ್ಟರೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಕಚ್ಚಿದ್ದನ್ನು ಕಿತ್ತೆಳೆಯಬಾರದು, ಚಿಟಿಕೆ ಉಪ್ಪು ಹಾಕಿದರೆ ತಾನಾಗಿ ಬಿಡುತ್ತದೆ.

ಇಲ್ಲಿಂದ ಕಿತ್ತೂರಿಗೆ ಹುಬ್ಬಳ್ಳಿ–ಧಾರವಾಡದ ಮೇಲೆ ಒಂದು ಇಡೀ ದಿನದ ಪ್ರಯಾಣ. ಕಿತ್ತೂರಿನ ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲೆಂದು ಕೂಡಿಸಿದ ಕೊಳವೆಯೊಂದಿದೆ. ಕೋಟೆಯೊಳಗೇ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಇದೆ. 1824ರಲ್ಲಿ ದೊರೆ ಶಿವಲಿಂಗ ರುದ್ರಸರ್ಜ ಸತ್ತಾಗ ಮಾಡಿಕೊಂಡಿದ್ದ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದಿತು. ಡಿಸೆಂಬರಿನಲ್ಲಿ ಕೋಟೆ ಕೈತಪ್ಪಿತು. ದತ್ತು ಮಕ್ಕಳಿಗೆ ಪಟ್ಟದ ಹಕ್ಕಿಲ್ಲವೆಂಬ ನೆಪದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಸಂಸ್ಥಾನಗಳನ್ನು ನುಂಗತೊಡಗಿದ್ದು 1848ರ ಮೇಲೆ. ಕಿತ್ತೂರು ಅದನ್ನು 24 ವರ್ಷ ಮೊದಲೇ ಎದುರಿಸಿತ್ತು. ಝಾನ್ಸಿಯ ಹೆಸರು ಎತ್ತುವಾಗಲೆಲ್ಲ ಈ ಲೆಕ್ಕ ನೆನಪಿರಬೇಕು.

ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ, ಸಮಾಧಿಯೂ ಅಲ್ಲೇ. ಕಿತ್ತೂರಿನಿಂದ ಹೆಚ್ಚು ದೂರವಿಲ್ಲ. ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. ಆಗ ಕೋಟೆಯೊಳಗೆ ಕಾಲಿಡಲೂ ಜಾಗವಿರುವುದಿಲ್ಲ, ವಾಹನಗಳನ್ನು ದೂರದಲ್ಲೇ ನಿಲ್ಲಿಸಬೇಕು. ಜನಸಾಗರ, ಮೆರವಣಿಗೆ ನೋಡಬೇಕೆಂದರೆ ಆಗ ಬನ್ನಿ. ಅರಮನೆಯ ಕೋಣೆ ಕೋಣೆ ತಿರುಗಬೇಕೆಂದರೆ ಒಂದೆರಡು ವಾರ ಬಿಟ್ಟು, ಬೆಳಗಿನ ಹೊತ್ತಿನಲ್ಲಿ ಬನ್ನಿ.