ಭೂಪಟದ ಅಂಚಿನಲ್ಲಿ ನಿಂತವರು

ಇಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಮೊಬೈಲ್‌ನಲ್ಲಿ ಕಲ್ಲಿಕೋಟೆಯ ಹಳೆಯ ನೋಟವೊಂದನ್ನು ಹಿಗ್ಗಿಸಿ ನೋಡುತ್ತಾ ಕುಳಿತೆ.

ಅಚ್ಚಾದದ್ದು 1572ರಲ್ಲಿ, ಜರ್ಮನಿಯ ಕಲೋನ್ ನಗರದಲ್ಲಿ, ‘ಸಿವಿಟಾಟೆಸ್ ಆರ್ಬಿಸ್ ಟೆರಾರಮ್’ ಎಂಬ ಲೋಕದ ನಗರಗಳ ಚಿತ್ರಗ್ರಂಥದಲ್ಲಿ.
ಕಡಲ ದಡದಲ್ಲಿ ಒಂದು ಆನೆ. ಎಷ್ಟು ಮುದ್ದಾಗಿದೆ!

ತಾಮ್ರದ ತಗಡಿನ ಮೇಲೆ ಇಂಥ ನಗರಗಳನ್ನು ಕೊರೆದವನು ಫ್ರಾನ್ಸ್ ಹೋಗೆನ್‌ಬರ್ಗ್. ವಿವರಣೆ ಬರೆದು ಗ್ರಂಥವನ್ನು ಹೊರತಂದವನು ಪಾದ್ರಿ ಗೇಯೋರ್ಗ್ ಬ್ರೌನ್.
ಆರು ಸಂಪುಟಗಳು. ಕೊನೆಯದು ಬಂದದ್ದು 1617ರಲ್ಲಿ. ಅಷ್ಟರಲ್ಲಿ ಹೋಗೆನ್‌ಬರ್ಗ್ ತೀರಿಕೊಂಡಿದ್ದ.

ಕೊರೆಯುವಾಗ ಎಲ್ಲವೂ ತಿರುವುಮುರುವು. ಎಡದ ಗೋಪುರ ಬಲಕ್ಕೆ, ಪ್ರತಿ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ. ಆಗಲೇ ಕಾಗದದ ಮೇಲೆ ಊರು ನೆಟ್ಟಗೆ ನಿಲ್ಲುತ್ತದೆ. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಆದರೆ ನನ್ನ ಕಣ್ಣು ಹೋಗುವುದು ಮುಂಭಾಗದ ಜನರ ಕಡೆಗೆ.
ಹಲವು ಪುಟಗಳಲ್ಲಿ ಆಯಾ ಊರಿನ ಉಡುಪು ತೊಟ್ಟ ಗಂಡಸರು, ಹೆಂಗಸರು ನಿಂತಿದ್ದಾರೆ.
ಬ್ರೌನ್ ಮುನ್ನುಡಿಯಲ್ಲಿ ಕೊಟ್ಟ ಕಾರಣ ವಿಚಿತ್ರ: ಮನುಷ್ಯರ ಚಿತ್ರವಿದ್ದರೆ ತುರ್ಕರು ಧರ್ಮದ ನಿಷೇಧದಿಂದಾಗಿ ಪುಸ್ತಕವನ್ನು ನೋಡುವುದಿಲ್ಲ, ಕೋಟೆಗಳ ಗುಟ್ಟು ಉಳಿಯುತ್ತದೆ!
ಆ ಲೆಕ್ಕಾಚಾರ ಏನೇ ಇರಲಿ, ಅವರಿಲ್ಲದಿದ್ದರೆ ಅಲ್ಲಿ ಉಳಿಯುತ್ತಿದ್ದದ್ದು ಬರೀ ಗೋಡೆ, ಬೀದಿ, ಚಾವಣಿ. ಅವರಿರುವುದರಿಂದಲೇ ಅದು ಯಾರದೋ ಊರು ಎನಿಸುತ್ತದೆ.

ಇನ್ನೊಂದು ಮಾತು. ನಿಮ್ಮ ಊರು ಇದರಲ್ಲಿ ಇಲ್ಲವಾದರೆ ಚಿತ್ರ ಕಳುಹಿಸಿ ಎಂದು ಬ್ರೌನ್ ಓದುಗರನ್ನು ಕೇಳಿಕೊಂಡಿದ್ದ.
ಡೆನ್ಮಾರ್ಕ್ ದೊರೆಯ ಅಧಿಕಾರಿ ಹೈನ್ರಿಕ್ ರಾಂಟ್ಸೌ ಉತ್ತರದ ಊರುಗಳ ನೋಟಗಳನ್ನು ಒದಗಿಸಿದ.

ಗೆಳೆಯರೇ, ನಿಮ್ಮನ್ನು ಕೇಳಿದ್ದರೆ ಊರಿನ ಯಾವ ದಿಕ್ಕಿನಿಂದ ಬರೆದು ಕಳುಹಿಸುತ್ತಿದ್ದಿರಿ? ಮುಂದೆ ಯಾರನ್ನು ನಿಲ್ಲಿಸುತ್ತಿದ್ದಿರಿ?